ಕಕ್ಕಡದ ಮಳೆಯಲ್ಲಿ ಆಲೂಗಡ್ಡೆ ವಾಫಲ್

ಮಡಿಕೇರಿಯಲ್ಲಿ ಕಕ್ಕಡದ (ಜುಲೈ–ಆಗಸ್ಟ್‌ನ ಕೊಡವ ತಿಂಗಳು) ಮಳೆ ಹಿಡಿದರೆ ಡಬ್ಬಿಯೊಳಗಿನ ಉಪ್ಪೂ ನೀರೊಡೆಯುತ್ತದೆ. ಅಂಥ ಬೆಳಿಗ್ಗೆ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ) ಬಿಟ್ಟು, ಎರಡು ಬಿಸಿ ಅಚ್ಚಿನ ನಡುವೆ ಒತ್ತಿ ಬೇಯಿಸುವ ಗರಿಗರಿ ವಾಫಲ್‌ಗೆ ಕೈ ಹಾಕಿದರೆ ಜಗಳವೆಲ್ಲ ನೀರಿನ ಜೊತೆಗೇ.

ಇವತ್ತಿನ ಅಳತೆ: ಆಲೂಗಡ್ಡೆ ಅರ್ಧ ಕೆಜಿ, ಮೊಟ್ಟೆ ಎರಡು, ತುರಿದ ಚೀಸ್ 80 ಗ್ರಾಂ, ಮೈದಾ ಮೂರು ದೊಡ್ಡ ಚಮಚ, ಅಕ್ಕಿ ಹಿಟ್ಟು ಎರಡು, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಒಂದು ಸಣ್ಣ ಈರುಳ್ಳಿ. ತೋಟದ ಕರಿಮೆಣಸನ್ನು ಆಗಲೇ ಕುಟ್ಟಿ ಅರ್ಧ ಚಮಚ. ಚೀಸಿನಲ್ಲೇ ಉಪ್ಪಿರುವುದರಿಂದ ಬೇರೆ ಉಪ್ಪು ಅರ್ಧ ಟೀ ಚಮಚ ದಾಟಬಾರದು.

ಆಲೂಗಡ್ಡೆ ಹಳೆಯದಾದಷ್ಟೂ ಒಳ್ಳೆಯದು. ಹೊಸ ಗಡ್ಡೆಯಲ್ಲಿ ನೀರು ಜಾಸ್ತಿ, ಪಿಷ್ಟ ಕಡಿಮೆ. ಫ್ರಿಜ್‌ನಲ್ಲಿಟ್ಟ ಗಡ್ಡೆಯಂತೂ ಬೇಡವೇ ಬೇಡ: ತಣ್ಣಗೆ ಇಟ್ಟರೆ ಪಿಷ್ಟ ಸಕ್ಕರೆಯಾಗಿ, ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ.

ತುರಿದ ಗಡ್ಡೆಯನ್ನೂ ಈರುಳ್ಳಿಯನ್ನೂ ಹಳೆಯ ಪಂಚೆ ತುಂಡಿನಲ್ಲಿ ಕಟ್ಟಿ ಪಾತ್ರೆಯ ಮೇಲೆ ತಿರುಚಿ ಹಿಂಡಬೇಕು. ಒಮ್ಮೆ ಹಿಂಡಿ ಐದು ನಿಮಿಷ ಬಿಟ್ಟು ಮತ್ತೆ ಹಿಂಡಿದರೆ ಇನ್ನಷ್ಟು ಇಳಿಯುತ್ತದೆ. ಆ ನೀರನ್ನು ಥಟ್ಟನೆ ಚೆಲ್ಲುವವರೇ ಹೆಚ್ಚು. ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಪಿಷ್ಟ ಕೂರುತ್ತದೆ. ಮೇಲಿನ ಕೆಂಪು ನೀರು ಬಗ್ಗಿಸಿ, ಅದನ್ನು ಕೆರೆದು ತುರಿಗೇ ಬೆರೆಸಿ. ವಾಫಲನ್ನು ಹಿಡಿದಿಡುವುದೂ ಅಂಚನ್ನು ಗರಿಯಾಗಿಸುವುದೂ ಅದೇ.

ಚೀಸ್ ಸಾಧಾರಣ ಪ್ರೊಸೆಸ್ಡ್ ಕ್ಯೂಬ್ ಸಾಕು. ಮೊಝರೆಲ್ಲಾದಲ್ಲಿ ತೇವ ಹೆಚ್ಚು, ಎಳೆಯಾಗಿ ಅಚ್ಚಿನ ಸಂದಿಗೆ ಅಂಟುತ್ತದೆ. ಯಾವುದಾದರೂ ಸಣ್ಣಗೆ ತುರಿಯಿರಿ. ದೊಡ್ಡ ತುಂಡು ಕರಗಿ ಹರಿದು, ಅಚ್ಚಿನ ಮೇಲೆ ಸುಟ್ಟ ಚುಕ್ಕೆಯಾಗಿ ಉಳಿಯುತ್ತದೆ. ಎಲ್ಲ ಕಲಸಿದ ಮೇಲೆ ಹಾಗೇ ಇಡುವಂತಿಲ್ಲ, ಉಪ್ಪು ಬಿದ್ದೊಡನೆ ಗಡ್ಡೆ ಮತ್ತೆ ನೀರು ಬಿಡುತ್ತದೆ. ಹಾಗಾಗಿ ವಾಫಲ್ ಮೇಕರ್ ಮೊದಲೇ ಕಾದಿರಲಿ.

ಆ ಕಾಯಿಸುವ ವಿಷಯಕ್ಕೇ ಬರೋಣ. ಮಳೆಗಾಲದ ಕರೆಂಟಿನಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ, 230 ವೋಲ್ಟ್‌ಗೆಂದು ಮಾಡಿದ 750 ವಾಟ್ ಮೇಕರ್ ಕೊಡುವುದು ಸುಮಾರು 460 ವಾಟ್ ಮಾತ್ರ. ಮೇಕರ್‌ನ ದೀಪ ಉರಿಯುತ್ತಿದೆ ಎಂದು ನಂಬಿದರೆ ಕೆಟ್ಟಿತು. ದೀಪ ಆರಿ ಹತ್ತಿ ಎರಡು ಸುತ್ತಾಗಲಿ. ಒಂದು ಹನಿ ನೀರು ಚಿಮುಕಿಸಿದರೆ ಚುರ್ ಎನ್ನಬೇಕು. ಎಣ್ಣೆಯನ್ನು ಮೇಲಿನ ಅಚ್ಚಿಗೂ ಸವರಿ. ಅಲ್ಲಿ ಮರೆಯುವವರೇ ಜಾಸ್ತಿ.

ಇವತ್ತಿನ ಮೊದಲನೆಯದು ನಡುವೆ ಸೀಳಿ, ಅರ್ಧ ಮೇಲಿನ ಅಚ್ಚಿಗೆ, ಅರ್ಧ ಕೆಳಗಿನದಕ್ಕೆ ಅಂಟಿಕೊಂಡಿತು. ಮೂರೇ ನಿಮಿಷಕ್ಕೆ ತೆರೆದದ್ದರ ಫಲ. ಹಿಟ್ಟಿನ ವಾಫಲ್‌ನಂತಲ್ಲ ಇದು, ಹಸಿ ಗಡ್ಡೆಗೆ ಎಂಟು ನಿಮಿಷ ಬೇಕು, ವೋಲ್ಟೇಜ್ ಕಡಿಮೆಯಿದ್ದರೆ ಹತ್ತು. ಬದಿಯಿಂದ ಬರುವ ಹಬೆ ತೀರಾ ತೆಳ್ಳಗಾಗುವ ತನಕ ಮುಚ್ಚಳ ಮುಟ್ಟಬೇಡಿ. ಎತ್ತುವಾಗ ತಡೆದರೆ ಇನ್ನೊಂದು ನಿಮಿಷ. ಬಿಡಿಸಲು ಮರದ ಕಡ್ಡಿಯೇ ಆಗಲಿ, ಸ್ಟೀಲ್ ಚಮಚ ತಾಗಿದರೆ ನಾನ್‌ಸ್ಟಿಕ್ ಪದರ ಹೋಗುತ್ತದೆ.

ತೆಗೆದದ್ದನ್ನು ತಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸಿದರೆ ತನ್ನ ಹಬೆಗೆ ತಾನೇ ಮೆತ್ತಗಾಗುತ್ತದೆ. ಜಾಲರಿಯ ಮೇಲೆ ಬಿಡಿಯಾಗಿ ಇಡಿ. ಗಾಂಧಾರಿ ಮೆಣಸಿನ ಚಟ್ನಿ ಸರಿಹೊಂದುತ್ತದೆ; ನಿನ್ನೆಯ ಪಂದಿ ಕರಿಯ (ಹಂದಿ ಮಾಂಸದ ಸಾರು) ಗಸಿ ಉಳಿದಿದ್ದರೆ ಅದರಲ್ಲಿನ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ ಚೀಸಿನ ಜಿಡ್ಡನ್ನು ಕತ್ತರಿಸುತ್ತದೆ. ಆದರೆ ಗಸಿ ಬದಿಯಲ್ಲೇ ಇರಲಿ, ಮೇಲೆ ಸುರಿದರೆ ಇಷ್ಟು ಹೊತ್ತು ಹಿಂಡಿದ ನೀರೆಲ್ಲ ಮತ್ತೆ ಒಳಗೆ ಹೋದಂತೆ.