ಮೂರು ಫ್ಯೂಸೂ ನನ್ನ ಜೇಬಿನಲ್ಲಿ

ನನ್ನ ಬಲಗೈ ತೋರುಬೆರಳಿನ ತುದಿಗಂಟು ಹೋಗಿದ್ದು ಕೊಡಗಿನ ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ, ಹಣ್ಣಿನ ಸಿಪ್ಪೆ ಬಿಡಿಸುವ ಮಿಷನ್ ಇರುವ ಪಲ್ಪರ್ ಮನೆಯಲ್ಲಿ. ಡಿಸೆಂಬರ್ ತಿಂಗಳು, ಅರೇಬಿಕಾ ಕೊಯ್ಲು ಜೋರಾಗಿತ್ತು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಬಿಟ್ಟರೆ ರಾಶಿಯಲ್ಲೇ ಹುಳಿಯುತ್ತದೆ. ಹಾಗಾಗಿ ಕತ್ತಲಾದರೂ ಎಲ್ಲರಿಗೂ ಅವಸರ.

ಏಳು ಗಂಟೆಗೆ ಕರೆಂಟ್ ಹೋಯಿತು. ಡ್ರಮ್ಮಿಗೂ ಪ್ಲೇಟಿಗೂ ನಡುವೆ ಕಡ್ಡಿಯೊಂದು ಸಿಕ್ಕಿಕೊಂಡು ಬೇಳೆಗೆ ಗಾಯವಾಗುತ್ತಿತ್ತು, ಹೇಗೂ ಮಿಷನ್ ನಿಂತಿದೆಯಲ್ಲ ಎಂದು ಮರೆ ಬಿಚ್ಚಿ ಬೆರಳು ಹಾಕಿದೆ. ಗೋಡೆಯ ಮೇಲೆ ಸ್ಟಾರ್ಟರ್ 'ಟಕ್' ಅಂದಿದ್ದು ಕೇಳಿಸಿತು. ನೋವಿಗಿಂತ ಮೊದಲು ಆ ಸದ್ದು. ಈಗಲೂ ರಾತ್ರಿ ಎಚ್ಚರವಾದರೆ ಅದೇ.

ಕರೆಂಟ್ ಹೋದರೆ ಸ್ಟಾರ್ಟರ್ ತಾನಾಗಿ ಬಿಟ್ಟುಕೊಳ್ಳಬೇಕು, ಮತ್ತೆ ಹಸಿರು ಬಟನ್ ಒತ್ತಿದರೆ ಮಾತ್ರ ಮೋಟಾರ್ ತಿರುಗಬೇಕು. ಅಲ್ಲಿ ಪಂಪ್‌ಸೆಟ್ಟಿಗೆ ಹಾಕುವಂಥ, ಕರೆಂಟ್ ಬಂದ ಕೂಡಲೇ ಮೋಟಾರನ್ನು ತಾನಾಗಿ ಶುರು ಮಾಡುವ ಆಟೋ ಸ್ವಿಚ್ಚನ್ನು ಪಲ್ಪರಿಗೂ ಹಾಕಿಬಿಟ್ಟಿದ್ದರು. ತಿರುಗುವ ಭಾಗಕ್ಕೆ ಮರೆ ಇರಬೇಕೆಂದು ಆಗಿನ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಮರೆ ಇತ್ತು. ಆದರೆ ರಿಪೇರಿ ಶುರುವಾಗುವುದೇ ಅದನ್ನು ಬಿಚ್ಚಿದ ಮೇಲಲ್ಲವೇ?

ತುಂಡನ್ನು ತೋಟದ ಲೆಕ್ಕ ಬರೆಯುವ ರೈಟರ್ ಮನೆಯವರು ಐಸಿನ ಮೇಲೆ ನೇರವಾಗಿ ಇಟ್ಟು ಕಳಿಸಿದರು. ಪಾಪ, ಅವರಿಗೆ ಗೊತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆಮೇಲೆ ಆ ಕವರನ್ನು ಐಸಿನಲ್ಲಿ ಇಡಬೇಕು. ಮೈಸೂರಿಗೆ ತಲುಪಿದರೂ ಕೂಡಿಸಲಾಗಲಿಲ್ಲ.

ಆಗಿನ 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ತೋರುಬೆರಳಿನ ಒಂದು ಗಂಟು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡ 9 ನಷ್ಟ ಎಂದಿತ್ತು. ನಟ್ಟು ಥ್ರೆಡ್ಡಿಗೆ ಸರಿಯಾಗಿ ಕೂತಿತೋ ಇಲ್ಲವೋ ಎಂದು ನನಗೆ ತಿಳಿಯುತ್ತಿದ್ದುದು ಆ ತುದಿಯಿಂದಲೇ. ಈಗ ಬಗ್ಗಿ ಟಾರ್ಚ್ ಹಿಡಿದು ನೋಡಬೇಕು.

ಈಗ ಯಾವ ತೋಟಕ್ಕೆ ಹೋದರೂ ಮೊದಲು ಮೇನ್ ಆಫ್ ಮಾಡಿ ಮೂರು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕುತ್ತೇನೆ. ಬೆಲ್ಟ್ ಪೂರ್ತಿ ನಿಲ್ಲುವವರೆಗೆ ಕಾಯುತ್ತೇನೆ. ಬಟನ್ ಒಂದು ಸಲ ಒತ್ತಿ ನೋಡಿ, ಮೋಟಾರ್ ಅಲುಗದಿದ್ದರೆ ಆಮೇಲೆ ಸ್ಪ್ಯಾನರ್. ಮೊನ್ನೆ ಒಬ್ಬ ಹುಡುಗ ಕಣದಿಂದ ಓಡಿ ಬಂದ. "ಅಣ್ಣಾ, ಹಣ್ಣು ಕಾಯ್ತಾ ಇದೆ, ಫ್ಯೂಸ್ ಕೊಡಿ, ನಾನೇ ಹಾಕ್ತೀನಿ."

"ನಿನ್ನ ಕೈಗೆ ಕೊಡಲ್ಲಪ್ಪ," ಅಂದೆ. "ಮರೆ ಹಾಕಿ, ಎಲ್ಲರೂ ಆಚೆ ಬಂದ ಮೇಲೆ ನಾನೇ ಹಾಕೋದು."

ಅವನು ನನ್ನ ಬೆರಳು ನೋಡಿದ. ಮತ್ತೆ ಕೇಳಲಿಲ್ಲ.