ಕಿಟಕಿಯಿಂದ ಕನ್ನಂಬಾಡಿ: ಮೂರು ಸಲ ಹಾರಿದ ಮೇಲೆ

ಮಂಡ್ಯದ ಕಡೆ ಹುಟ್ಟಿದವರಿಗೆ ಮಳೆಗಾಲದಲ್ಲಿ ಒಂದೇ ಪ್ರಶ್ನೆ, ‘ಕಟ್ಟೆ ಎಷ್ಟಡಿ ಆಯ್ತು?’ ಕಟ್ಟೆ ಅಂದರೆ ಕನ್ನಂಬಾಡಿ, ಅದೇ ಕೆಆರ್‌ಎಸ್ ಅಣೆಕಟ್ಟು. ತುಂಬಿದರೆ 124.80 ಅಡಿ. ಆ ತುಂಬಿದ ಕಟ್ಟೆಯನ್ನು ಮೇಲಿಂದ ನೋಡಬೇಕು ಅನ್ನೋದು ನನ್ನ ಹುಚ್ಚು. ಕೆಲಸದ ಮೇಲೆ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ಹೇಗೂ ಹೋಗುತ್ತೇನೆ. ಸರಿಯಾದ ಕಿಟಕಿ ಹಿಡಿದರೆ ಸಾಕಲ್ವಾ?

ಮೊದಲ ಸಲ, ಸಾಲಿನ ಲೆಕ್ಕ ತಪ್ಪಿತು. ಬೆಂಗಳೂರಿಂದ ಹತ್ತುವ ದೊಡ್ಡ ಎ320 ವಿಮಾನದಲ್ಲಿ ರೆಕ್ಕೆ ಕಿಟಕಿಯ ಕೆಳಗಿರುತ್ತದೆ. ಮಧ್ಯದ ಸಾಲಿನಲ್ಲಿ ಕೂತರೆ ನೆಲದ ಬದಲು ತಗಡು ಕಾಣುತ್ತದೆ. ಅದೇ ಅಭ್ಯಾಸದಲ್ಲಿ ಮುಂದಿನ ಸಾಲು ಬುಕ್ ಮಾಡಿದೆ, ಸೀಟಿಗೆ ಬೇರೆ ದುಡ್ಡು ಕೊಟ್ಟು. ಆದರೆ ಇಲ್ಲಿ ಹಾರೋದು ಎಟಿಆರ್, ಫ್ಯಾನು ತಿರುಗುವ ಚಿಕ್ಕ ವಿಮಾನ. ಅದರ ರೆಕ್ಕೆ ತಲೆಯ ಮೇಲಿದೆ, ಕೆಳಗಿನ ನೋಟಕ್ಕೆ ಅಡ್ಡ ಬರೋದೇ ಇಲ್ಲ. ಅಡ್ಡ ಬರೋದು ಫ್ಯಾನು, ಅದೂ ಮುಂದಿನ ಸಾಲಿನ ಪಕ್ಕದಲ್ಲೇ. ಸದ್ದು ಕೇಳಿದ್ದು ಜಾಸ್ತಿ, ನೋಡಿದ್ದು ಕಮ್ಮಿ. ಎಟಿಆರ್‌ಗೆ ಹಿಂದಿನ ಸಾಲೇ ಸರಿ. ಬಾಗಿಲೂ ಹಿಂದೇನೇ ಇರೋದರಿಂದ ಬೇಗ ಇಳಿಯಬಹುದು.

ಎರಡನೇ ಸಲ, ಜುಲೈ. ಈ ಸಲ ಎಡವೋ ಬಲವೋ ಅನ್ನೋ ಲೆಕ್ಕಕ್ಕೆ ಕೂತೆ. ಮಂಡಕಳ್ಳಿ ರನ್‌ವೇ ಪೂರ್ವ-ಪಶ್ಚಿಮ. ಒಂದು ತುದಿಗೆ 09, ಇನ್ನೊಂದಕ್ಕೆ 27. ಅದು ದಿಕ್ಸೂಚಿಯ ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು. 27 ಅಂದರೆ 270, ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ. ಮುಂಗಾರಲ್ಲಿ ಗಾಳಿ ಪಶ್ಚಿಮದಿಂದ ಬರುತ್ತದೆ, ಹಾಗಾಗಿ ಪಶ್ಚಿಮಕ್ಕೆ ಏರಿ, ಬಲಕ್ಕೆ ಹೊರಳಿ, ಉತ್ತರಕ್ಕೆ ಹೋಗಬೇಕು. ಕಟ್ಟೆ ಇರೋದು ಊರಿನ ವಾಯವ್ಯಕ್ಕೆ. ಎಡಗಡೆ ಕಿಟಕಿ, ಹದಿನಾರನೇ ಸಾಲು.

ಲೆಕ್ಕ ಸರಿಯಾಗೇ ಇತ್ತು. ಒಂದು ಮಾತ್ರ ಮರೆತಿದ್ದೆ. ವಿಮಾನ ಬಲಕ್ಕೆ ಹೊರಳುವಾಗ ಬಲಗಡೆ ವಾಲುತ್ತದೆ, ಎಡಗಡೆಯವರಿಗೆ ಬರೀ ಆಕಾಶ! ಬಲಗಡೆ ಕೂತಿದ್ದ ಅಜ್ಜಿ ಮಗನಿಗೆ ‘ನೋಡೋ, ನಮ್ಮೂರು ಎಷ್ಟು ಚೆನ್ನಾಗಿ ಕಾಣ್ತದೆ’ ಅಂತ ತೋರಿಸುತ್ತಿದ್ದರು. ನಾನು ಮೋಡ ನೋಡುತ್ತಿದ್ದೆ. ನೆಟ್ಟಗಾಗುವಷ್ಟರಲ್ಲಿ ಮೋಡ ಇನ್ನೂ ದಪ್ಪವಾಯಿತು. ಕಟ್ಟೆ ತುಂಬುವ ಕಾಲವೇ ಮೋಡದ ಕಾಲ, ಇದಕ್ಕೆ ಯಾವ ಸೀಟೂ ಮದ್ದಲ್ಲ.

ಮೂರನೇ ಸಲ, ಮಾರ್ಚ್, ಸಂಜೆ. ಮತ್ತೆ ಎಡಗಡೆ. ಈ ಸಲ ಪೂರ್ವಕ್ಕೆ ಏರಿತು. ಸೀಟು ಕೆಟ್ಟಿತು ಅಂದುಕೊಂಡೆ. ಆದರೆ ಉತ್ತರಕ್ಕೆ ಹೋಗಲು ಎಡಕ್ಕೇ ಹೊರಳಬೇಕಲ್ಲ! ಕಿಟಕಿ ತುಂಬ ಚಾಮುಂಡಿ ಬೆಟ್ಟ, ಮೆಟ್ಟಿಲ ಸಾಲು ಕೂಡ ಒಂದು ಗೆರೆ ಎಳೆದ ಹಾಗೆ. ಊರಿನ ಆಚೆ ಕಟ್ಟೆಯೂ ಸಿಕ್ಕಿತು. ಸಿಕ್ಕಿತು ಅಂದರೆ, ಪಶ್ಚಿಮದ ಸೂರ್ಯ ನೀರಿನ ಮೇಲೆ ಬಿದ್ದು ಒಂದು ತುಂಡು ಕನ್ನಡಿ. ಫೋಟೋದಲ್ಲಿ ಕಟ್ಟೆಗಿಂತ ನನ್ನ ಬಿಳಿ ಅಂಗಿಯೇ ಚೆನ್ನಾಗಿ ಬಂದಿದೆ, ಗಾಜಿನ ಮೇಲೆ.

ಆದರೂ ಒಂದು ಗೊತ್ತಾಯಿತು. ಇಲ್ಲಿಂದ ಉತ್ತರಕ್ಕೆ ಹೋಗುವಾಗ, ಯಾವ ಕಡೆ ಏರಿದರೂ ಕಟ್ಟೆಗೆ ಎಡಗಡೆಯೇ.

ವಾಪಸ್ ಬರುವಾಗ ಅಷ್ಟು ಸುಲಭ ಇಲ್ಲ. ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ಬೆಟ್ಟ ಬಲಕ್ಕೆ, ಪೂರ್ವಕ್ಕೆ ಇಳಿದರೆ ಎಡಕ್ಕೆ. ಪಶ್ಚಿಮಕ್ಕೆ ಇಳಿಯುವ ಹಾದಿಯಲ್ಲೇ ಹೆಚ್ಚುಕಡಿಮೆ ತಿ. ನರಸೀಪುರವೂ ಬರುತ್ತದೆ. ಕಾವೇರಿ ಕಪಿಲೆ ಕೂಡುವ ಜಾಗ ಬೇಕಾ, ಬೆಟ್ಟ ಬೇಕಾ? ಈಗ ವಿಮಾನಗಳ ಹಾದಿ ತೋರಿಸುವ ಫ್ಲೈಟ್‌ರಾಡಾರ್24ರಲ್ಲಿ ಹಿಂದಿನ ದಿನಗಳದ್ದು ನೋಡಿ ಬರೆದಿಡುತ್ತಿದ್ದೇನೆ. ಮನೆಯವಳು ‘ಇಷ್ಟು ಲೆಕ್ಕ ಹಾಲಿನವನದು ಇಟ್ಟಿದ್ದರೆ ಆಗ್ತಿತ್ತು’ ಅಂತಾಳೆ.

ಮುಂದಿನದು ಅಕ್ಟೋಬರ್ ಕೊನೆ. ಮುಂಗಾರು ಹಿಂದೆ ಸರಿದಿರುತ್ತದೆ, ನೀರಿನ್ನೂ ಇರುತ್ತದೆ. ಬೆಳಗಿನ ಹೊತ್ತು, ಸೂರ್ಯ ಬೆನ್ನಿಗೆ. ಎಡಗಡೆ, ಹದಿನಾರನೇ ಸಾಲು, ಕಪ್ಪು ಅಂಗಿ.