ಕಾರಿನ ಕಿಟಕಿಯಲ್ಲಿ ಊಟ: ಅಮೆರಿಕಕ್ಕೆ ಹೊರಟ ಸಸ್ಯಾಹಾರಿಗಳಿಗೆ

ಅಮೆರಿಕದ ಹೆದ್ದಾರಿಯಲ್ಲಿ ಎಕ್ಸಿಟ್ ಹತ್ತಿರವಾದಾಗ ನೀಲಿ ಫಲಕವೊಂದು ಕಾಣುತ್ತದೆ. ಅದರ ತುಂಬ ತಿಂಡಿ ಅಂಗಡಿಗಳ ಲಾಂಛನಗಳು. ಪೆಟ್ರೋಲ್ ಬಂಕು, ವಿಮಾನ ನಿಲ್ದಾಣ, ಕೆಲವು ಆಸ್ಪತ್ರೆಗಳ ಒಳಗೂ ಅವೇ ಹೆಸರುಗಳು. 2013ರಿಂದ 2016ರ ಸರ್ಕಾರಿ ಸಮೀಕ್ಷೆಯ ಪ್ರಕಾರ, ಯಾವ ದಿನ ತೆಗೆದುಕೊಂಡರೂ ಅಲ್ಲಿನ ವಯಸ್ಕರಲ್ಲಿ ಶೇ. 36.6ರಷ್ಟು ಮಂದಿ ಫಾಸ್ಟ್ ಫುಡ್ ತಿನ್ನುತ್ತಿದ್ದರು. ಹಾಗಾಗಿ ಮಕ್ಕಳ ಮನೆಗೆ ಹೋಗುವ ಅಪ್ಪ ಅಮ್ಮಂದಿರು ಇದರಿಂದ ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ.

ಹೆಚ್ಚು ಜನ ಎಡವುವುದು ಆಲೂಗಡ್ಡೆ ಫ್ರೈಸ್‌ನಲ್ಲಿ. ಮೆಕ್‌ಡೊನಾಲ್ಡ್ಸ್ ಅಲ್ಲಿ 1990ರವರೆಗೆ ದನದ ಕೊಬ್ಬು ಬೆರೆತ ಎಣ್ಣೆಯಲ್ಲಿ ಕರಿಯುತ್ತಿತ್ತು. ಆಮೇಲೆ ಸಸ್ಯದ ಎಣ್ಣೆ ಬಂತು, ಆದರೆ ಗೋಮಾಂಸದ ಫ್ಲೇವರ್ ಉಳಿಯಿತು. ಹಿಂದೂಗಳೂ ಸಸ್ಯಾಹಾರಿಗಳೂ ಹೂಡಿದ ಮೊಕದ್ದಮೆಯಲ್ಲಿ ಕಂಪನಿ 2002ರಲ್ಲಿ ಕ್ಷಮೆ ಕೇಳಿ, ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ಫ್ಲೇವರ್ ಮಾತ್ರ ಇಂದಿಗೂ ಪದಾರ್ಥಗಳ ಪಟ್ಟಿಯಲ್ಲಿದೆ. ಅದು ಸೇರುವುದು ಕಾರ್ಖಾನೆಯಲ್ಲಿ, ಅರೆಗರಿದು ಮಂಜುಗಟ್ಟಿಸುವ ಹಂತದಲ್ಲಿ. ತಿಂಡಿ ಕೊಡುವ ಕಿಟಕಿಯಲ್ಲಿರುವ ಹುಡುಗನನ್ನು ಕೇಳಿದರೆ "ವೆಜಿಟೆಬಲ್ ಆಯಿಲ್" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ. ಕಂಪನಿಯ ಜಾಲತಾಣದ ಪದಾರ್ಥಪಟ್ಟಿಯನ್ನೇ ನಂಬಿ. ನಮ್ಮ ದೇಶದ ಶಾಖೆಗಳ ಫ್ರೈಸ್‌ನಲ್ಲಿ ಇದಿಲ್ಲ; ಗೊಂದಲ ಹುಟ್ಟುವುದೇ ಅಲ್ಲಿ.

ಬರ್ಗರ್ ಕಿಂಗ್‌ನ ಇಂಪಾಸಿಬಲ್ ವಾಪರ್ ಎಂಬ ಬರ್ಗರ್‌ನ ಪ್ಯಾಟಿ (ಬನ್ನಿನ ನಡುವಿನ ವಡೆ) ಸಸ್ಯಮೂಲದ್ದೇ. ಆದರೆ ಸಾಮಾನ್ಯವಾಗಿ ಅದು ಬೇಯುವುದು ಮಾಂಸ ಬೇಯುವ ಬ್ರಾಯ್ಲರ್‌ನಲ್ಲೇ, ಅಂದರೆ ಬೆಂಕಿಯಲ್ಲಿ ಸುಡುವ ಒಲೆಯಲ್ಲೇ. "ನಾಟ್ ಆನ್ ದ ಬ್ರಾಯ್ಲರ್" ಎಂದು ಹೇಳಿ. ಮೇಯೋ ಅಂದರೆ ಮೊಟ್ಟೆ ಹಾಕಿದ ಮೇಯನೇಸ್ ಸಾಸ್; ಮೊಟ್ಟೆ ತಿನ್ನದವರು "ನೋ ಮೇಯೋ" ಎನ್ನುವುದನ್ನೂ ಮರೆಯಬಾರದು.

ನೆಮ್ಮದಿಯ ಜಾಗ ಮೆಕ್ಸಿಕನ್ ಶೈಲಿಯ ತಿಂಡಿಗಳ ಟಾಕೊ ಬೆಲ್. ಬೀನ್ಸ್ ತುಂಬಿ ಸುತ್ತಿದ ರೊಟ್ಟಿಯಾದ ಬೀನ್ ಬರೀಟೊ ಹೊಟ್ಟೆ ತುಂಬಿಸುತ್ತದೆ. ಖಾರಕ್ಕೆ ಸಾಸ್ ಪೊಟ್ಟಣ ಕೇಳಿ. ಅದೇ ಧೈರ್ಯವನ್ನು ಸಣ್ಣ ಮೆಕ್ಸಿಕನ್ ಹೋಟೆಲಿನಲ್ಲಿ ತೋರಬೇಡಿ. ಅಲ್ಲಿ ಬೀನ್ಸ್‌ಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕುವುದುಂಟು. ಇದೇ ಬಗೆಯ ಇನ್ನೊಂದು ಸರಣಿ ಅಂಗಡಿ ಚಿಪೋಟ್ಲೆಯಲ್ಲಿ ಅನ್ನ, ಕಪ್ಪು ಬೀನ್ಸ್, ಸೋಫ್ರಿಟಾಸ್ (ಮಸಾಲೆ ಹಾಕಿದ ತೋಫು, ಅಂದರೆ ಸೋಯಾ ಪನೀರು), ಎಲ್ಲವೂ ಕಣ್ಣೆದುರೇ ಬಟ್ಟಲಿಗೆ ಬೀಳುತ್ತವೆ.

ಡ್ರೈವ್-ಥ್ರೂನಲ್ಲಿ, ಅಂದರೆ ಕಾರಿನಿಂದ ಇಳಿಯದೆ ತಿಂಡಿ ಕೊಳ್ಳುವ ಸಾಲಿನಲ್ಲಿ, ಸ್ಪೀಕರ್ ಮುಂದೆ ಕಾರು ನಿಲ್ಲಿಸಿ, ಒಂದೊಂದೇ ತಿಂಡಿ ಹೇಳಿ, ಬದಲಾವಣೆಯನ್ನು ಅದರ ಬೆನ್ನಿಗೇ ಸೇರಿಸಿ. ಎಲ್ಲ ಮುಗಿದ ಮೇಲೆ "ನೋ ಮೀಟ್" ಅಂದರೆ ಅದು ಯಾವುದಕ್ಕೆ ಅನ್ವಯವೆಂದು ಅವರಿಗೆ ತಿಳಿಯುವುದಿಲ್ಲ. ಪರದೆಯಲ್ಲಿ ಮೂಡಿದ್ದನ್ನು ಓದಿ, ಪೊಟ್ಟಣವನ್ನು ಕಿಟಕಿಯಲ್ಲೇ ಬಿಚ್ಚಿ ನೋಡಿ. ಬಹುತೇಕ ಕಡೆ ಫಲಕದ ಬೆಲೆಗೆ ತೆರಿಗೆ ಬೇರೆ ಸೇರುತ್ತದೆ. ಮೆಕ್‌ಡೊನಾಲ್ಡ್ಸ್‌ನಲ್ಲಿ ದೊಡ್ಡ ಸೋಡಾ ಎಂದರೆ 30 ಔನ್ಸ್, ಹೆಚ್ಚುಕಡಿಮೆ 900 ಮಿ.ಲೀ.; ಇಬ್ಬರಿಗೆ ಒಂದೇ ಹೆಚ್ಚು. ಬರೀ "ವಾಟರ್" ಅಂದರೆ ಬಾಟಲಿಗೆ ದುಡ್ಡು ಹಾಕಬಹುದು. "ಎ ಕಪ್ ಆಫ್ ವಾಟರ್, ನೋ ಐಸ್" ಅಂದರೆ ಸಾಮಾನ್ಯವಾಗಿ ಪುಕ್ಕಟೆ ಕೊಡುತ್ತಾರೆ.